ಅಪ್ಪನ ಎದೆಗೆ ಹೋಗಿಬಂದ ಬಲೂನು

‘ಅದು ಒಳಗೇ ಇರುತ್ತಾ? ಪಂಕ್ಚರ್ ಆದ್ರೆ ಏನ್ ಮಾಡ್ತಾರೆ?’

ಶಿವಮೊಗ್ಗದ ಆಸ್ಪತ್ರೆಯೊಂದರ ಮಂಚದ ಮೇಲೆ ಕೂತು ಅಪ್ಪ ಕೇಳಿದ ಮೊದಲ ಪ್ರಶ್ನೆ ಇದು. ಕೇಳಿದ್ದು ಡಾಕ್ಟರನ್ನಲ್ಲ, ನನ್ನನ್ನು. ಡಾಕ್ಟರು ಆಗಷ್ಟೇ ಬಂದು, ಹೃದಯದ ಒಂದು ರಕ್ತನಾಳ ಶೇಕಡಾ 90ರಷ್ಟು ಕಿರಿದಾಗಿದೆ, ಬಲೂನು ಹಾಕಿ ಅಗಲ ಮಾಡಬೇಕು ಅಂತ ಹೇಳಿ ಹೋಗಿದ್ದರು. ಅಜ್ಜಂಪುರದಲ್ಲಿ ಮೂವತ್ತು ವರ್ಷದಿಂದ ಸೈಕಲ್ ಶಾಪ್ ಇಟ್ಟುಕೊಂಡು, ದಿನಕ್ಕೆ ಹತ್ತಾರು ಪಂಕ್ಚರ್ ಹಾಕಿದ ಮನುಷ್ಯನಿಗೆ ಬಲೂನು ಎಂದ ಕೂಡಲೇ ಬೇರೆ ಯಾವ ಪ್ರಶ್ನೆ ಹೊಳೆಯಬೇಕು? ನನಗೆ ನಗು ಬಂತು. ಆದರೆ ಉತ್ತರ ನನಗೂ ಗೊತ್ತಿರಲಿಲ್ಲ.

ಗೊತ್ತಿರಬೇಕಾಗಿತ್ತು. ನಾನು ಪಿಎಚ್‌.ಡಿ ಮಾಡುತ್ತಿರುವುದೇ ಕನ್ನಡದ ವೈದ್ಯಕೀಯ ಬರವಣಿಗೆಯ ಮೇಲೆ. ಶಂಕರಘಟ್ಟದ ಹಾಸ್ಟೆಲಿನ ನನ್ನ ಮೇಜಿನ ಮೇಲೆ ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ದಿಂದ ಹಿಡಿದು ಅನುಪಮಾ ನಿರಂಜನರ ‘ತಾಯಿ ಮಗು’ವಿನವರೆಗೆ ಪುಸ್ತಕಗಳಿವೆ. ಮೈಯ ನೋವನ್ನು ಕನ್ನಡ ಯಾವ ಮಾತಿನಲ್ಲಿ ಹೇಳಿಕೊಂಡು ಬಂದಿದೆ ಎಂಬುದು ನನ್ನ ಪ್ರಬಂಧದ ಒಂದು ಅಧ್ಯಾಯ. ಆ ಅಧ್ಯಾಯ ಬರೆಯುತ್ತಿದ್ದಾಗಲೇ ಅಪ್ಪ ಫೋನಿನಲ್ಲಿ ಹೇಳಿದ್ದ: ‘ಪಂಪ್ ಹೊಡೆಯುವಾಗ ಎದೆ ಹಿಡ್ಕಂಡಂಗಾಗುತ್ತೆ ಕಣಮ್ಮ. ನಿಂತ್ರೆ ಸರಿ ಹೋಗುತ್ತೆ.’

ನಾನು ಹೇಳಿದ್ದು: ‘ಗ್ಯಾಸ್ಟ್ರಿಕ್ ಇರ್ಬೇಕು ಅಪ್ಪ. ಖಾಲಿ ಹೊಟ್ಟೇಲಿ ಟೀ ಕುಡಿಯೋದು ಬಿಡು. ಒಂದು ಈನೋ ತಗೋ.’

ನಮ್ಮ ಕಡೆ ಎದೆಯ ನೋವಿಗೆ ಗ್ಯಾಸ್ಟ್ರಿಕ್ಕಿಗಿಂತ ದೊಡ್ಡ ಸಮಾಧಾನವಿಲ್ಲ. ಓಮಿನ ಕಾಳು, ಜೀರಿಗೆ ಕಷಾಯ, ಸೋಡಾ, ಮೆಡಿಕಲ್ ಶಾಪಿನ ಬಿಳಿ ಮಾತ್ರೆ, ಎಲ್ಲವೂ ಆ ಒಂದು ಪದದ ಬೆನ್ನಿಗಿವೆ. ಗ್ಯಾಸ್ಟ್ರಿಕ್ ಎಂದುಬಿಟ್ಟರೆ ಯಾರೂ ಆಸ್ಪತ್ರೆಗೆ ಓಡಬೇಕಾಗಿಲ್ಲ, ಅಂಗಡಿಯ ಬಾಗಿಲು ಹಾಕಬೇಕಾಗಿಲ್ಲ, ನಾನು ಅಧ್ಯಾಯವನ್ನು ಅರ್ಧಕ್ಕೆ ಬಿಟ್ಟು ಬಸ್ಸು ಹತ್ತಬೇಕಾಗಿಲ್ಲ. ದುಡಿದಾಗ ಬಂದು, ನಿಂತಾಗ ಹೋಗುವ ಎದೆಯ ಹಿಡಿತವು ಹೃದಯಕ್ಕೆ ರಕ್ತ ಸಾಲುತ್ತಿಲ್ಲ ಎಂಬುದರ ಅತಿ ಸರಳವಾದ ಗುರುತು. ಅಪ್ಪ ಅದನ್ನು ಯಾವ ಪಠ್ಯಪುಸ್ತಕಕ್ಕೂ ಕಡಿಮೆಯಿಲ್ಲದ ಹಾಗೆ ಎರಡೇ ವಾಕ್ಯದಲ್ಲಿ ವರ್ಣಿಸಿದ್ದ. ಮಾತುಗಳನ್ನು ಸಂಗ್ರಹಿಸುವುದೇ ಕಸುಬಾಗಿದ್ದ ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ.

ಎರಡು ತಿಂಗಳಾದ ಮೇಲೆ, ಮೇ ತಿಂಗಳ ಒಂದು ಸಂಜೆ, ಸುಮ್ಮನೆ ಕೂತಿದ್ದಾಗಲೇ ಅಪ್ಪನ ಎದೆ ಹಿಡಿಯಿತು. ಮೈಯೆಲ್ಲ ಬೆವರು. ಪಕ್ಕದ ಟೀ ಅಂಗಡಿಯವರು ಆಟೋ ಹತ್ತಿಸಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಇಸಿಜಿ ತೆಗೆದು, ಮಾತ್ರೆ ಅಗಿದು ನುಂಗಿಸಿ, 108ರಲ್ಲಿ ಶಿವಮೊಗ್ಗಕ್ಕೆ ಕಳಿಸಿದರು. ಅಮ್ಮ ಆಂಬುಲೆನ್ಸಿನಿಂದ ಫೋನ್ ಮಾಡಿದಳು. ನಾನು ಶಂಕರಘಟ್ಟದಿಂದ ಅವರಿಗಿಂತ ಮೊದಲೇ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದೆ.

ಅಪ್ಪನಿಗೆ ಹೃದಯದ ಕಾಯಿಲೆ ಎಂದರೆ ಕಡೂರಿನ ದೊಡ್ಡಪ್ಪ. 2005ರಲ್ಲಿ ದೊಡ್ಡಪ್ಪನಿಗೆ ಬೆಂಗಳೂರಿನಲ್ಲಿ ಬೈಪಾಸ್ ಆಗಿತ್ತು. ನನಗಾಗ ಎಂಟು ವರ್ಷ. ತೆಂಗಿನ ತೋಟದ ಮನೆಯ ಜಗುಲಿಯಲ್ಲಿ ದೊಡ್ಡಪ್ಪ ಅಂಗಿ ಬಿಚ್ಚಿ ಕೂತಿದ್ದರು. ಗಂಟಲ ಕೆಳಗಿನಿಂದ ಹೊಟ್ಟೆಯ ಮೇಲಿನವರೆಗೆ ಒಂದು ನೇರ ಗೆರೆ, ಎಡಗಾಲಿನ ಒಳಬದಿಗೆ ಇನ್ನೊಂದು ಉದ್ದ ಗೆರೆ. ‘ಕಾಲಿನ ನರ ತೆಗೆದು ಎದೆಗೆ ಹಾಕಿದ್ದಾರೆ’ ಅಂತ ದೊಡ್ಡಮ್ಮ ಬಂದವರಿಗೆಲ್ಲ ಹೇಳುತ್ತಿದ್ದರು. ಕೆಮ್ಮು ಬಂದರೆ ದೊಡ್ಡಪ್ಪ ಒಂದು ದಿಂಬನ್ನು ಎದೆಗೆ ಅವಚಿಕೊಂಡು ಕೆಮ್ಮುತ್ತಿದ್ದರು. ಮೂರು ತಿಂಗಳು ಒಂದು ತೆಂಗಿನಕಾಯಿಯನ್ನೂ ಎತ್ತಲಿಲ್ಲ. ಆ ದಿನ ಅಜ್ಜಂಪುರಕ್ಕೆ ವಾಪಸಾಗುವ ರೈಲಿನಲ್ಲಿ ಅಪ್ಪ ಒಂದೇ ಮಾತು ಹೇಳಿದ್ದ: ‘ನನಗೇನಾದ್ರೂ ಆದ್ರೆ ಎದೆ ಸೀಳಿಸ್ಬೇಡಿ.’

ಆದ್ದರಿಂದಲೇ ಶಿವಮೊಗ್ಗದಲ್ಲಿ ಡಾಕ್ಟರು ‘ಆಪರೇಷನ್ ಬೇಡ, ಬಲೂನು ಸಾಕು’ ಎಂದಾಗ ಅಪ್ಪನ ಮುಖ ಬಿಚ್ಚಿಕೊಂಡಿದ್ದು. ಮಣಿಕಟ್ಟಿನಲ್ಲಿ ಒಂದು ಸಣ್ಣ ತೂತು, ಎಚ್ಚರವಾಗಿಯೇ ಇರುತ್ತೀರಿ, ಎರಡು ಮೂರು ದಿನಕ್ಕೆ ಮನೆಗೆ ಹೋಗಬಹುದು. ಅದಾದ ಮೇಲೆ ಬಂದಿದ್ದೇ ಪಂಕ್ಚರಿನ ಪ್ರಶ್ನೆ.

ಆಮೇಲೆ ಒಪ್ಪಿಗೆ ಪತ್ರ ಬಂತು. ಎರಡು ಪುಟ, ಪೂರಾ ಇಂಗ್ಲಿಷು. ನರ್ಸ್ ಒಳ್ಳೆಯ ಹುಡುಗಿ, ಅವಸರದಲ್ಲಿದ್ದಳು. ‘ಓದಿ ಹೇಳಿ, ಸೈನ್ ಹಾಕಿಸಿ’ ಅಂತ ನನ್ನ ಕೈಗೆ ಕೊಟ್ಟು ಹೋದಳು. ಅಪ್ಪ ಏಳನೆಯ ಕ್ಲಾಸು ಓದಿದವನು, ಪೇಪರ್ ಓದುತ್ತಾನೆ, ಇಂಗ್ಲಿಷ್ ಬರುವುದಿಲ್ಲ. ನಾನು ಓದಿ ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಕೈಯ ರಕ್ತನಾಳದಿಂದ ನಳಿಕೆ ಕಳಿಸುತ್ತಾರೆ ಎಂದೆ. ಬಣ್ಣ ಬಿಟ್ಟು ಫೋಟೋ ತೆಗೆಯುತ್ತಾರೆ ಎಂದೆ. ಕಿರಿದಾದ ಕಡೆ ಅಗಲ ಮಾಡಿ ಸ್ಪ್ರಿಂಗ್ ಥರದ ಜಾಲರಿ ಇಡುತ್ತಾರೆ ಎಂದೆ. ಮುಂದಿನ ಪ್ಯಾರಾದಲ್ಲಿ ರಕ್ತಸ್ರಾವ, ಪಾರ್ಶ್ವವಾಯು, ಹೃದಯಾಘಾತ, ತುರ್ತಾಗಿ ಬೈಪಾಸ್ ಮಾಡಬೇಕಾಗಿ ಬರಬಹುದು, ಸಾವು ಎಂದು ಸಾಲಾಗಿ ಇದ್ದವು. ಅದರ ಕೆಳಗೆ, ಜಾಲರಿ ಇಟ್ಟ ಮೇಲೆ ರಕ್ತ ತೆಳುವಾಗಿಡುವ ಮಾತ್ರೆಗಳನ್ನು ವೈದ್ಯರು ಹೇಳದೆ ನಿಲ್ಲಿಸಿದರೆ ಜಾಲರಿಯೊಳಗೆ ರಕ್ತ ಹೆಪ್ಪುಗಟ್ಟಿ ಪ್ರಾಣಾಪಾಯವಾಗಬಹುದು ಎಂದಿತ್ತು.

ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಆ ಎರಡು ಪ್ಯಾರಾಗಳ ಮೇಲೆ ಬೆರಳು ಓಡಿಸಿ, ‘ಇದೆಲ್ಲ ಮಾಮೂಲಿ ಬರೆದಿರ್ತಾರೆ ಅಪ್ಪ. ಎಲ್ಲಾ ಸರಿಹೋಗುತ್ತೆ, ಆಮೇಲೆ ಏನೂ ತೊಂದ್ರೆ ಇರಲ್ಲ ಅಂತ’ ಎಂದೆ.

ಅಪ್ಪ ನಿಧಾನವಾಗಿ, ದುಂಡಗೆ, ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಹಾಕುವ ಹಾಗೆಯೇ ಸಹಿ ಹಾಕಿದ.

ಒಳಗೆ ಹೋಗಿ ಸುಮಾರು ಒಂದು ಗಂಟೆಯಲ್ಲಿ ಹೊರಗೆ ಬಂದ. ಮಣಿಕಟ್ಟಿಗೊಂದು ಬಿಗಿ ಪಟ್ಟಿ, ಅಷ್ಟೇ. ‘ಟೀವೀಲಿ ನನ್ನ ಎದೇನೇ ತೋರಿಸಿದ್ರು. ಹುಣಸೆ ಮರದ ಕೊಂಬೆ ಥರ ಇತ್ತು’ ಅಂದ. ಬಲೂನು ಉಬ್ಬಿಸಿದಾಗ ಕೆಲವು ಕ್ಷಣ ಅದೇ ಹಳೆಯ ಹಿಡಿತ ಬಂತಂತೆ, ಬಿಟ್ಟ ಕೂಡಲೇ ಹೋಯಿತಂತೆ. ಸಂಜೆ ರೌಂಡ್ಸಿಗೆ ಬಂದ ಕಿರಿಯ ಡಾಕ್ಟರೊಬ್ಬರಿಗೆ ಪುರುಸೊತ್ತಿತ್ತು. ಅಪ್ಪನ ಕಸುಬು ಕೇಳಿ ಅವರೂ ಖುಷಿಯಾದರು. ಬಲೂನು ಒಳಗೆ ಉಳಿಯುವುದಿಲ್ಲ, ಇಳಿಸಿ ಹೊರಗೆ ತೆಗೆಯುತ್ತೇವೆ, ಉಳಿಯುವುದು ಲೋಹದ ಜಾಲರಿ ಮಾತ್ರ ಎಂದರು. ಅಪ್ಪ ಕೇಳಿದ: ‘ಎಷ್ಟು ಗಾಳಿ ಹಾಕ್ತೀರಿ ಸಾರ್?’

ಗಾಳಿ ಹಾಕುವುದೇ ಇಲ್ಲ. ಬಲೂನು ಒಡೆದರೆ ಗಾಳಿ ರಕ್ತಕ್ಕೆ ಸೇರಿ ಅಪಾಯವಾಗುತ್ತದೆ. ಅದಕ್ಕೇ ಎಕ್ಸ್‌ರೇಯಲ್ಲಿ ಕಾಣುವ ಔಷಧಿಯನ್ನು ಸಲೈನಿಗೆ ಬೆರೆಸಿ ಆ ದ್ರವವನ್ನು ತುಂಬುತ್ತಾರೆ. ಉಬ್ಬಿದಾಗ ಬಲೂನಿನ ದಪ್ಪ ಮೂರು ಮಿಲಿಮೀಟರ್ ಆಸುಪಾಸು, ಹೆಚ್ಚುಕಡಿಮೆ ಸೈಕಲ್ಲಿನ ವಾಲ್‌ಟ್ಯೂಬಿನಷ್ಟು. ಒತ್ತಡ ಮಾತ್ರ ವಾತಾವರಣದ 10ರಿಂದ 15 ಪಟ್ಟು, ಅಂದರೆ ಅಪ್ಪನ ಭಾಷೆಯಲ್ಲಿ 150ರಿಂದ 220 ಪೌಂಡು. ಸೈಕಲ್ ಟೈರಿಗೆ ಐವತ್ತು ಪೌಂಡು ಹಾಕುವವನು, ಲಾರಿ ಟೈರಿಗೂ ನೂರಿಪ್ಪತ್ತು ದಾಟದ ಲೋಕದವನು, ಆ ದಿನ ರಾತ್ರಿ ಪಕ್ಕದ ಮಂಚದವರಿಗೆಲ್ಲ ಈ ಲೆಕ್ಕ ಹೇಳಿದ. ‘ನನ್ನ ಎದೇಲಿ ಲಾರಿ ಟೈರಿಗಿಂತ ಜಾಸ್ತಿ ಹಾಕವ್ರೆ.’

ಹಾಸ್ಟೆಲಿಗೆ ಮರಳಿದ ಮೇಲೆ ನಾನು ಇದರ ಚರಿತ್ರೆ ಓದಿದೆ. ಓದಿದಷ್ಟೂ ಇದು ದೊಡ್ಡ ಪ್ರಯೋಗಶಾಲೆಗಿಂತ ಅಪ್ಪನ ಅಂಗಡಿಗೇ ಹತ್ತಿರದ ಕಥೆ ಅನ್ನಿಸಿತು. 1929ರಲ್ಲಿ ಜರ್ಮನಿಯ ವರ್ನರ್ ಫೋರ್ಸ್‌ಮನ್ ಎಂಬ ಯುವ ವೈದ್ಯ ತನ್ನ ತೋಳಿನ ನಾಳದಿಂದ ತಾನೇ ನಳಿಕೆ ತೂರಿಸಿಕೊಂಡು, ಅದು ಹೃದಯ ತಲುಪಿದೆಯೆಂದು ತೋರಿಸಲು ಎಕ್ಸ್‌ರೇ ಕೋಣೆಗೆ ನಡೆದುಕೊಂಡು ಹೋದ. ಹುಚ್ಚ ಎಂದರು. 1956ರಲ್ಲಿ ನೊಬೆಲ್ ಕೊಟ್ಟರು. 1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಚಾರ್ಲ್ಸ್ ಡಾಟರ್, ಕೊಳೆಯುತ್ತಿದ್ದ ಕಾಲನ್ನು ಕತ್ತರಿಸಲು ಒಪ್ಪದ 82 ವರ್ಷದ ಅಜ್ಜಿಯೊಬ್ಬರ ಕಾಲಿನ ನಾಳಕ್ಕೆ ಒಂದಕ್ಕಿಂತ ಒಂದು ದಪ್ಪನೆಯ ನಳಿಕೆಗಳನ್ನು ತೂರಿಸಿ ಹಾದಿ ಬಿಡಿಸಿದ. ಬಲೂನು ಇನ್ನೂ ಬಂದಿರಲಿಲ್ಲ. ಅಜ್ಜಿ ಸಾಯುವವರೆಗೆ ತಮ್ಮ ಕಾಲ ಮೇಲೇ ನಡೆದರು.

ಬಲೂನು ತಂದವನು ಆಂಡ್ರಿಯಾಸ್ ಗ್ರುಂಟ್ಸಿಗ್. ಜ್ಯೂರಿಚ್ಚಿನ ತನ್ನ ಮನೆಯ ಅಡುಗೆಮನೆಯ ಮೇಜಿನ ಮೇಲೆ, ಹೆಂಡತಿ ಮತ್ತು ಸಹಾಯಕಿಯ ಜೊತೆ ಕೂತು, ಕತ್ತರಿಸಿ ಅಂಟಿಸಿ ಬಲೂನು ಮಾಡುತ್ತಿದ್ದ. ರಬ್ಬರಿನ ಬಲೂನು ಎಲ್ಲಿ ಮೆತ್ತಗಿದೆಯೋ ಅತ್ತ ಉಬ್ಬುತ್ತದೆ, ಗಟ್ಟಿ ಜಾಗವನ್ನು ಒತ್ತುವುದಿಲ್ಲ. ಇದು ಟ್ಯೂಬು ನೋಡಿದ ಯಾರಿಗೂ ಗೊತ್ತು. ಕೊನೆಗೆ ನಿಗದಿತ ಅಳತೆ ಮೀರಿ ಹಿಗ್ಗದ ಪಿವಿಸಿ ಪ್ಲಾಸ್ಟಿಕ್ ಅವನ ಕೈಹಿಡಿಯಿತು. 1977ರ ಸೆಪ್ಟೆಂಬರ್ 16ರಂದು, ಬೈಪಾಸಿಗೆ ತಯಾರಾಗಿದ್ದ 38 ವರ್ಷದ ರೋಗಿಯೊಬ್ಬನ ಹೃದಯದ ನಾಳವನ್ನು ಗ್ರುಂಟ್ಸಿಗ್ ಬಲೂನಿನಿಂದ ಅಗಲ ಮಾಡಿದ. ಹತ್ತು ವರ್ಷ ಕಳೆದು ನೋಡಿದಾಗಲೂ ಆ ನಾಳ ತೆರೆದೇ ಇತ್ತು. ಅದನ್ನು ನೋಡಲು ಗ್ರುಂಟ್ಸಿಗ್ ಇರಲಿಲ್ಲ. 1985ರಲ್ಲಿ, 46ನೆಯ ವಯಸ್ಸಿಗೆ, ತಾನೇ ಓಡಿಸುತ್ತಿದ್ದ ವಿಮಾನ ಬಿದ್ದು ತೀರಿಕೊಂಡಿದ್ದ.

ಎಲ್ಲರಿಗೂ ಅಂಥ ಅದೃಷ್ಟವಿರಲಿಲ್ಲ. ಬರೀ ಬಲೂನು ಹಾಕಿಸಿಕೊಂಡವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಕೆಲವೇ ತಿಂಗಳಲ್ಲಿ ನಾಳ ಮತ್ತೆ ಕಿರಿದಾಗುತ್ತಿತ್ತು. ಏಕೆಂದರೆ ಇದು ಪೈಪಿನೊಳಗೆ ಹೂಳು ಕೂತ ಹಾಗಲ್ಲ. ಕೊಬ್ಬಿನ ಗಡ್ಡೆ ಬೆಳೆಯುವುದು ನಾಳದ ಗೋಡೆಯ ಒಳಪದರದಲ್ಲಿ. ಬಲೂನು ಅದನ್ನು ತೆಗೆದುಹಾಕುವುದಿಲ್ಲ, ಬಿರುಕು ಬಿಡಿಸಿ ಗೋಡೆಗೆ ಒತ್ತುತ್ತದೆ. ಒತ್ತಿದ್ದು ಮತ್ತೆ ಕುಗ್ಗದಿರಲಿ ಅಂತ 1986ರಲ್ಲಿ ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿನಲ್ಲಿ ಲೋಹದ ಜಾಲರಿ ಇಟ್ಟರು. ಅದೇ ಸ್ಟೆಂಟು. ಗಾಯ ಮಾಯುವ ಅಂಗಾಂಶ ಜಾಲರಿಯ ಮೇಲೂ ಅತಿಯಾಗಿ ಬೆಳೆದಾಗ ಔಷಧಿ ಲೇಪಿಸಿದ ಸ್ಟೆಂಟು ಬಂತು. ಅಪ್ಪನಿಗೆ ಹಾಕಿದ್ದು ಅದನ್ನೇ.

ನಮ್ಮಂಥವರ ಮನೆಗೆ ಅದು ತಲುಪಿದ್ದು ವಿಜ್ಞಾನ ಒಂದರಿಂದಲೇ ಅಲ್ಲ. ಲಕ್ಷ ದಾಟುತ್ತಿದ್ದ ಔಷಧಿ ಲೇಪಿತ ಸ್ಟೆಂಟಿಗೆ ಕೇಂದ್ರ ಸರ್ಕಾರ 2017ರ ಫೆಬ್ರವರಿಯಲ್ಲಿ 29,600 ರೂಪಾಯಿಯ ಮಿತಿ ಹಾಕಿತು. ಬಿಪಿಎಲ್ ಕಾರ್ಡಿನವರಿಗೆ ವರ್ಷಕ್ಕೆ ಕುಟುಂಬವೊಂದಕ್ಕೆ 5 ಲಕ್ಷದವರೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ. ನಾವು ಒಂದು ಗುಂಟೆ ಜಮೀನನ್ನೂ ಅಡವಿಡದೆ ಮನೆಗೆ ಬಂದೆವು. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೋದ ಮೇಲೆ, ಅವರ ಹೆಸರಿನಲ್ಲಿ ಬಂದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡಿ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲೇ ಕೊಡಿಸುವ ವ್ಯವಸ್ಥೆಯೂ ಬಂದಿದೆ. ಮೊದಲೆಲ್ಲ ನಮ್ಮ ಕಡೆ ‘ಜಯದೇವಕ್ಕೆ ಕರ್ಕಂಡೋದ್ರಂತೆ’ ಎಂದರೆ ಹೃದಯದ ವಿಷಯ ಎಂದೇ ಅರ್ಥ. ಬೆಂಗಳೂರಿನ ಆ ಆಸ್ಪತ್ರೆಯ ಹೆಸರೇ ಕಾಯಿಲೆಯ ಹೆಸರೂ ಆಗಿತ್ತು. ಈಗ ದಾರಿ ಸ್ವಲ್ಪ ಹತ್ತಿರವಾಗಿದೆ.

ಅಪ್ಪನ ಬಲೂನಿನ ಸುದ್ದಿ ತರೀಕೆರೆಯ ಮಾವನನ್ನು ಮಾತ್ರ ಬೇಸರಗೊಳಿಸಿತು. ಮಾವ, ಅಂದರೆ ನನ್ನ ಸೋದರತ್ತೆಯ ಗಂಡ, ನಿವೃತ್ತ ಬಸ್ ಕಂಡಕ್ಟರ್, ಈಗ ಅರ್ಧ ಎಕರೆ ಅಡಿಕೆ ನೋಡಿಕೊಳ್ಳುತ್ತಾರೆ. ಅವರಿಗೂ ಏರು ಹತ್ತಿದರೆ ಎದೆ ಹಿಡಿಯುತ್ತದೆ. ಪರೀಕ್ಷೆಗಳನ್ನೆಲ್ಲ ಮಾಡಿದ ಡಾಕ್ಟರು ಮಾತ್ರೆ, ನಡಿಗೆ, ಬೀಡಿ ಬಿಡುವುದು, ಇಷ್ಟೇ ಹೇಳಿದ್ದರು. ‘ನಿಮ್ಮಪ್ಪಂಗೆ ಬಲೂನು, ನಿಮ್ಮ ದೊಡ್ಡಪ್ಪಂಗೆ ಬೈಪಾಸು, ನನಗ್ಯಾಕೆ ಬರೀ ಗುಳಿಗೆ? ನಾನೇನ್ ಪಾಪ ಮಾಡಿದ್ದೆ?’ ಅಂತ ನನ್ನನ್ನು ಕೂರಿಸಿಕೊಂಡು ಕೇಳಿದರು.

ಈ ಸಲ ನಾನು ಓದಿಕೊಂಡು ಹೋಗಿದ್ದೆ. ಬಲೂನು ಬೈಪಾಸಿನ ತಮ್ಮನೂ ಅಲ್ಲ, ಮಾತ್ರೆಯ ಅಣ್ಣನೂ ಅಲ್ಲ. ಹೃದಯಾಘಾತ ಆಗುತ್ತಿರುವಾಗ, ಅಥವಾ ಅಪ್ಪನ ಹಾಗೆ ಕೂತಲ್ಲೇ ನೋವು ಬಂದು ಅಪಾಯ ಬಾಗಿಲಿಗೆ ಬಂದಾಗ, ಅದು ಜೀವ ಉಳಿಸುತ್ತದೆ. ಮಾವನ ಹಾಗೆ ವರ್ಷಗಳಿಂದ ಒಂದೇ ಹದದಲ್ಲಿರುವ ನೋವಿಗೆ? 5,179 ಜನರನ್ನು ಸೇರಿಸಿಕೊಂಡು ನಡೆದ, 2020ರಲ್ಲಿ ಪ್ರಕಟವಾದ ‘ಇಸ್ಕೀಮಿಯಾ’ ಎಂಬ ದೊಡ್ಡ ಅಧ್ಯಯನದಲ್ಲಿ, ಮೊದಲೇ ಸ್ಟೆಂಟು ಅಥವಾ ಬೈಪಾಸಿಗೆ ಹೋದವರಿಗೂ ಮೊದಲು ಒಳ್ಳೆಯ ಔಷಧಿಯ ಮೇಲೆ ಇದ್ದವರಿಗೂ ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ನೋವು ಕಡಿಮೆಯಾಗುವುದರಲ್ಲಿ ಮಾತ್ರ ಮೊದಲಿನವರಿಗೆ ಅನುಕೂಲವಾಯಿತು. ಇನ್ನು ದೊಡ್ಡಪ್ಪ. ಅವರಿಗೆ ಸಕ್ಕರೆ ಕಾಯಿಲೆ, ಮೂರೂ ನಾಳಗಳು ಕಿರಿದಾಗಿದ್ದವು. ಅಂಥವರಿಗೆ ಸ್ಟೆಂಟಿಗಿಂತ ಬೈಪಾಸೇ ಹೆಚ್ಚು ಆಯುಸ್ಸು ಕೊಡುತ್ತದೆ ಎಂಬುದನ್ನು 2012ರ ‘ಫ್ರೀಡಮ್’ ಅಧ್ಯಯನ ತೋರಿಸಿತು. ನಾವೆಲ್ಲ ಹೆದರಿದ ಆ ಗೆರೆಯೇ ದೊಡ್ಡಪ್ಪನನ್ನು ಇವತ್ತಿಗೂ ಕಡೂರಿನ ಸಂತೆಗೆ ಕಳಿಸುತ್ತಿದೆ. ‘ಆಪರೇಷನ್ ಇಲ್ಲದೆ’ ಎನ್ನುವ ಮಾತು ಕೇಳಲು ಹಿತ. ಆದರೆ ಯಾವ ಎದೆಗೆ ಎನ್ನುವುದನ್ನು ಬಿಟ್ಟು ಅದಕ್ಕೆ ಅರ್ಥವಿಲ್ಲ.

ಇದನ್ನೆಲ್ಲ ಮಾವನಿಗೆ ವಿವರಿಸಿ ಬಂದ ನಾನು ಸ್ವಲ್ಪ ಹೆಮ್ಮೆಯಲ್ಲೇ ಇದ್ದೆ. ಅದೇ ಅಕ್ಟೋಬರಿನಲ್ಲಿ ಆಯುಧಪೂಜೆಗೆ ಅಜ್ಜಂಪುರಕ್ಕೆ ಹೋದೆ. ಪ್ರತಿ ವರ್ಷದ ಹಾಗೆ ಅಂಗಡಿಯ ಸಾಮಾನು ತೊಳೆದು ಒರೆಸಿ ಇಡುವುದು ನನ್ನ ಕೆಲಸ. ಸ್ಪ್ಯಾನರು, ಪಂಪು, ನೀರಿನ ತೊಟ್ಟಿ, ಸಲ್ಯೂಷನ್ ಟ್ಯೂಬು. ಪ್ಯಾಚಿನ ರಬ್ಬರ್ ತುಂಡುಗಳ ತಗಡಿನ ಡಬ್ಬಿ ತೆಗೆದರೆ, ಅಡಿಯಲ್ಲಿ ಮಾತ್ರೆಯ ಶೀಟುಗಳು. ಒಂದಲ್ಲ, ನಾಲ್ಕು. ಒಂದು ಗುಳಿಗೆಯೂ ಖರ್ಚಾಗಿರಲಿಲ್ಲ. ರಕ್ತ ತೆಳುವಾಗಿಡುವ ಮಾತ್ರೆ. ಕನಿಷ್ಠ ಒಂದು ವರ್ಷ ಬಿಡಬಾರದು ಎಂದು ಡಾಕ್ಟರು ಬರೆದುಕೊಟ್ಟಿದ್ದದ್ದು.

ಅಮ್ಮನಿಗೆ ಕೇಳಿಸದ ಹಾಗೆ ಕೇಳಿದೆ. ಅಪ್ಪ ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಲಿಲ್ಲ. ‘ಕಡ್ಡಿ ತಾಗಿ ಬೆರಳು ಕುಯ್ಕಂತು. ರಕ್ತ ನಿಲ್ಲಲೇ ಇಲ್ಲ, ಗಿರಾಕಿ ಸೈಕಲ್ಲೆಲ್ಲ ರಕ್ತ. ಗುಳಿಗೆ ಬಿಟ್ಟೆ, ನಿಂತ್ಕಂತು. ನೀನೇ ಅಂದಿದ್ಯಲ್ಲ, ಅಗಲ ಮಾಡಿದ ಮೇಲೆ ಏನೂ ತೊಂದ್ರೆ ಇರಲ್ಲ ಅಂತ ಅದ್ರಲ್ಲಿ ಬರ್ದವ್ರೆ ಅಂತ.’

ಅದ್ರಲ್ಲಿ ಬರ್ದವ್ರೆ. ಅದರಲ್ಲಿ ಬರೆದಿದ್ದು ಅದಲ್ಲ. ಬರೆದಿದ್ದನ್ನು ನಾನು ಓದಿರಲಿಲ್ಲ.

ತಕ್ಷಣ ಡಾಕ್ಟರಿಗೆ ಫೋನ್ ಮಾಡಿದೆ. ಬೈದರು, ಮರುದಿನವೇ ಕರೆದುಕೊಂಡು ಬರಲು ಹೇಳಿದರು. ಪರೀಕ್ಷೆ ಮಾಡಿ ಮತ್ತೆ ಮಾತ್ರೆ ಶುರುಮಾಡಿದರು. ಏನೂ ಆಗಿರಲಿಲ್ಲ. ಆಗದೆ ಇದ್ದದ್ದು ನಮ್ಮ ಪುಣ್ಯ, ನನ್ನ ಜಾಣತನವಲ್ಲ. ಆ ರಾತ್ರಿ ಮನೆಗೆ ಬಂದ ಮೇಲೆ, ಫೈಲಿನಲ್ಲಿದ್ದ ಆ ಎರಡು ಪುಟಗಳ ಜೆರಾಕ್ಸ್ ತೆಗೆದು ಅಪ್ಪನ ಮುಂದೆ ಕೂತೆ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದೆ. ರಕ್ತಸ್ರಾವ ಎಂದೆ. ಲಕ್ವ ಎಂದೆ. ಎದೆ ಸೀಳಬೇಕಾಗಿ ಬರಬಹುದು ಎಂದೂ ಇತ್ತು ಎಂದೆ. ಸಾವು ಎಂದೆ. ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಿಗೆ ಒರಗಿ ನಿಂತಿದ್ದಳು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: ‘ಅವತ್ತು ಇದನ್ನ ಯಾಕೆ ಓದ್ಲಿಲ್ಲ?’

‘ಹೆದರ್ತೀಯ ಅಂತ. ಸೈನ್ ಹಾಕಲ್ಲ ಅಂತೀಯೇನೋ ಅಂತ.’

‘ಹಾಕ್ತಿದ್ದೆ ಕಣಮ್ಮ. ಇನ್ನೇನ್ ದಾರಿ ಇತ್ತು? ಆದ್ರೆ ಒಳಗೆ ಹೋಗೋಕೆ ಮುಂಚೆ ನಿಮ್ಮಮ್ಮಂಗೆ ಒಂದ್ ಮಾತು ಹೇಳಿ ಹೋಗ್ತಿದ್ದೆ.’

ಆ ಮಾತು ಏನೆಂದು ನಾನೂ ಕೇಳಲಿಲ್ಲ, ಅಮ್ಮನೂ ಕೇಳಲಿಲ್ಲ. ಅಮ್ಮ ಒಳಗೆ ಹೋಗಿ ತಟ್ಟೆ ಹಾಕಿದಳು.

ಹೆದರಿಕೆಯಾಗಿದ್ದು ಅಪ್ಪನಿಗಲ್ಲ, ನನಗೆ. ಸಾವು ಎಂಬ ಪದವನ್ನು ಅಪ್ಪನ ಎದುರು ಉಚ್ಚರಿಸುವ ಕೆಲಸ ನನಗೆ ಬೇಕಾಗಿರಲಿಲ್ಲ. ಅದನ್ನು ನಾನು ಅಪ್ಪನ ಮೇಲಿನ ಪ್ರೀತಿ ಎಂದುಕೊಂಡೆ. ಆದರೆ ತನ್ನ ಜೀವದ ಬಗ್ಗೆ ತಿಳಿದು ನಿರ್ಧಾರ ಮಾಡುವ ಹಕ್ಕನ್ನು ಏಳನೆಯ ಕ್ಲಾಸಿನ ಅಪ್ಪನಿಂದ ಪಿಎಚ್‌.ಡಿಯ ಮಗಳು ಕಸಿದುಕೊಂಡಿದ್ದಳು, ಅಷ್ಟೇ. ಆಸ್ಪತ್ರೆಯ ಕಾಗದ ಇಂಗ್ಲಿಷಿನಲ್ಲಿತ್ತು ಎಂದು ದೂರಬಹುದು, ದೂರಬೇಕು ಕೂಡ. ಆದರೆ ಆ ದಿನ ಅಪ್ಪನ ಪಕ್ಕದಲ್ಲಿ ಕನ್ನಡ ಇತ್ತು. ಅದು ನಾನೇ ಆಗಿದ್ದೆ.

ಈಗ ಅಂಗಡಿಯ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆಗಳಿವೆ. ಮಾತ್ರೆ ನುಂಗಿದ ಮೇಲೆ ಅಪ್ಪ ದಿನಕ್ಕೊಂದು ಗೆರೆ ಎಳೆಯುತ್ತಾನೆ. ಪಂಪ್ ಹೊಡೆಯುವಾಗ ಎದೆ ಹಿಡಿಯುವುದಿಲ್ಲ. ಬೆರಳು ಕುಯ್ದರೆ ಬಟ್ಟೆ ಒತ್ತಿ ಹಿಡಿದು ಹತ್ತು ನಿಮಿಷ ಕಾಯುತ್ತಾನೆ. ನಾನು ಪ್ರಬಂಧದ ಜೊತೆಗೆ ಆ ಎರಡು ಪುಟಗಳನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದೆ. ಪಾರಿಭಾಷಿಕ ಪದಗಳನ್ನೆಲ್ಲ ಹೊಂದಿಸಿ, ‘ಪ್ರಾಣಾಪಾಯದ ಸಂಭವನೀಯತೆ ಇರುತ್ತದೆ’ ಎಂದು ಬರೆದು, ಹೋದ ತಿಂಗಳು ಅಪ್ಪನಿಗೆ ಓದಲು ಕೊಟ್ಟೆ. ಅಪ್ಪ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದ. ಗಿರಾಕಿಯೊಬ್ಬರು ಸೈಕಲ್ ತಂದು ನಿಲ್ಲಿಸಿದ್ದರು, ಅವರಿಗೂ ಓದಿಸಿದ. ಆಮೇಲೆ ಪೆನ್ನು ಕೇಳಿದ.

‘ಸಂಭವನೀಯತೆ ಅಂದ್ರೆ ಯಾರಿಗ್ ಗೊತ್ತಾಗುತ್ತೆ? ಜೀವ ಹೋದ್ರೂ ಹೋಗ್ಬಹುದು ಅಂತ ಬರಿ.’

ನಾನು ಹಾಗೇ ತಿದ್ದಿದೆ.